ಎರ್ಮೆನ್ಸಿಯಾ ಸ್ಟಿಯರಿಂಗ್ ಹಿಡಿದದ್ದು

ಕಾರಿನ ಹೆಸರು ಮೋನಾ. ಹೊಂಬಣ್ಣದ ಕೂದಲಿನ ಹುಡುಗಿಯನ್ನು ಆ ಕಡೆ ಹಾಗೆ ಕರೆಯುತ್ತಾರೆ. ಕಾರಿನದು ಬೆಣ್ಣೆಯ ಬಣ್ಣ. ಕಾಂಪೊ ಎಲಿಯಾಸ್ ಅದನ್ನು ಮನೆಗೆ ತಂದಾಗ ಮಗಳು ನೂಬಿಯಾ ಇನ್ನೂ ತೊದಲುತ್ತಿದ್ದಳು. ಹೆಸರಿಟ್ಟವಳು ಅವಳೇ. ಈಗ ನೂಬಿಯಾ ಮದುವೆಯಾಗಿ ಗುಡ್ಡದಾಚೆಯ ಸೊಗಾಮೊಸೊದಲ್ಲಿದ್ದಾಳೆ, ಮೋನಾ ಮಾತ್ರ ಇನ್ನೂ ಅಕಿತಾನಿಯಾದ ಮನೆಯ ಅಂಗಳದಲ್ಲೇ ಇದೆ.

ಕಾಂಪೊ ಎಲಿಯಾಸ್ ಬಸ್ ಡ್ರೈವರಾಗಿದ್ದವನು. ಅಕಿತಾನಿಯಾದಿಂದ ಸೊಗಾಮೊಸೊಗೆ, ಅಲ್ಲಿಂದ ಮತ್ತೆ ಮೇಲಕ್ಕೆ, ಅದೇ ತಿರುವು ಅದೇ ಇಳಿಜಾರು, ಪ್ರಾಯವೆಲ್ಲ ಅದರಲ್ಲೇ ಕಳೆಯಿತು. ಬಸ್ಸು ಕಂಪನಿಯದು, ಮೋನಾ ಸ್ವಂತದ್ದು. ಹಾಗಾಗಿ ಮೋನಾಳ ಎಣ್ಣೆ ನೋಡುವುದು, ಪ್ಲಗ್ಗು ಉಜ್ಜುವುದು, ರೇಡಿಯೇಟರಿಗೆ ನೀರು ಹಾಕುವುದು, ಎಲ್ಲ ಅವನೇ. ಮುಂಜಾನೆಯ ಚಳಿಯಲ್ಲಿ ಚೋಕ್ ಎಷ್ಟು ಎಳೆಯಬೇಕು ಎಂಬುದನ್ನು ಸಹ ಯಾರಿಗೂ ಹೇಳಿಕೊಟ್ಟವನಲ್ಲ. ಹೆಂಡತಿ ಎರ್ಮೆನ್ಸಿಯಾಗೆ ಕಾರಿನಲ್ಲಿ ಇದ್ದ ಜಾಗ ಬಲಗಡೆಯ ಸೀಟು ಒಂದೇ; ಆ ದೇಶದಲ್ಲಿ ಡ್ರೈವರು ಕೂರುವುದು ಎಡಕ್ಕೆ. ಕೆಲಸದ ಏಪ್ರನ್ನು ತೊಟ್ಟು ಅದರ ಮೇಲೆ ಕೂರುವಂತಿರಲಿಲ್ಲ, ಸೀಟಿಗೆ ಈರುಳ್ಳಿಯ ವಾಸನೆ ಹತ್ತುತ್ತದೆ ಅಂತ.

ಆ ವಾಸನೆ ಏಪ್ರನ್ನಿನದಷ್ಟೇ ಅಲ್ಲ, ಕೈಯದೂ ಹೌದು. ಊರ ಪಕ್ಕದ ಸರೋವರದ ದಡದುದ್ದಕ್ಕೂ ಬೆಳೆಯುವ ಹಸಿರು ಈರುಳ್ಳಿಯನ್ನು ಸುಲಿದು, ಬೇರು ಕತ್ತರಿಸಿ, ಕಂತೆ ಕಟ್ಟುವ ಶೆಡ್ಡಿನಲ್ಲಿ ಎರ್ಮೆನ್ಸಿಯಾ ಲಂಗ ತೊಡುವ ವಯಸ್ಸಿನಿಂದ ದುಡಿದವಳು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಮಾತು ಜಾಸ್ತಿಯಾಯಿತು ಅಂತ ಮದುವೆಯಾದಾಗಿನಿಂದ ಗಂಡ ಗೊಣಗುತ್ತಿದ್ದ. ಆದರೆ ಬಸ್ಸು ಬಿಟ್ಟು ಮನೆಯಲ್ಲಿ ಕೂತ ಮೇಲೆ ಅವನ ರೀತಿ ಬದಲಾಯಿತು. ಕಾರು ಹತ್ತಿದೊಡನೆ, "ಏನಾದ್ರೂ ಮಾತಾಡ್ತಾ ಇರಿ. ಸುಮ್ನಿದ್ರೆ ನಂಗೆ ನಿದ್ದೆ ಬರತ್ತೆ" ಅನ್ನುತ್ತಿದ್ದ. ಗಂಡ ಹೆಂಡತಿ ಒಬ್ಬರನ್ನೊಬ್ಬರು ಬಹುವಚನದಲ್ಲೇ ಮಾತಾಡಿಸುವ ಸೀಮೆ ಅದು. ಅಲ್ಲಿ ಬೈಗುಳಕ್ಕೂ ಬಹುವಚನವೇ.

ಎರ್ಮೆನ್ಸಿಯಾಗೆ ಇದರಿಂದ ಖುಷಿಯಾಯಿತು. ಮುದುಕನಿಗೆ ಈಗಲಾದರೂ ನನ್ನ ಮಾತು ರುಚಿಸಿತಲ್ಲ ಅಂದುಕೊಂಡಳು. ಕಂಡದ್ದನ್ನೆಲ್ಲ ಹೇಳುತ್ತಾ ಹೋದಳು. ಅಗೋ, ಪಕ್ಕದ್ಮನೆ ಓದಿಲಿಯಾಳ ಹಸು ಮತ್ತೆ ರಸ್ತೆಗೆ ಬಂದಿದೆ. ಗೊಬ್ಬರದ ಲಾರಿ ಬರ್ತಿದೆ ನೋಡಿ, ಎಷ್ಟು ಅಗಲ ಮಾರಾಯ್ರೆ. ಇವನ್ಯಾರು ಸೈಕಲ್ಲಿನವನು, ದಾರಿ ಅಪ್ಪನದು ಅನ್ನೋ ಹಾಗೆ ಹೋಗ್ತಿದಾನೆ. ಗಂಡ ಹೂಂಗುಟ್ಟುತ್ತಿದ್ದ, ಒಮ್ಮೊಮ್ಮೆ ನಗುತ್ತಲೂ ಇದ್ದ. ಹೀಗೆ ಒಂದು ವರ್ಷಕ್ಕೂ ಮಿಕ್ಕಿ ನಡೆಯಿತು.

ಜೂನ್ ತಿಂಗಳ ಒಂದು ಭಾನುವಾರ ಮೊಮ್ಮಗಳ ಹುಟ್ಟುಹಬ್ಬಕ್ಕೆಂದು ಹೊರಟರು. ಹೊರಡುವ ಮೊದಲೇ ಜಗಳವಾಯಿತು. ಎರ್ಮೆನ್ಸಿಯಾ ಹೊಸ ಹ್ಯಾಟು ಹಾಕಿಕೊಂಡಿದ್ದಳು. ಗಂಡ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಕೇಳಿದ್ದಕ್ಕೆ, "ಯಾವ ಹ್ಯಾಟು?" ಅಂದ. ಅವಳಿಗೆ ಮೈಯುರಿದು ಹೋಯಿತು. ಮುಖ ಗಂಟು ಹಾಕಿಕೊಂಡು ಕಾರು ಹತ್ತಿದವಳು ಬಾಯಿಗೆ ಬೀಗ ಜಡಿದು ಕೂತಳು.

"ಮಾತಾಡಿ" ಅಂದ ಗಂಡ.

ಅವಳು ಕಿಟಕಿಯಾಚೆ ನೋಡುತ್ತಿದ್ದಳು.

"ಯಾಕೆ, ನಾಲಿಗೆ ಶೆಡ್ಡಲ್ಲೇ ಬಿಟ್ಟು ಬಂದ್ರಾ?"

ಅವಳು ಹ್ಯಾಟನ್ನು ಹಣೆಗೆ ಎಳೆದುಕೊಂಡಳು. ಕಾಂಪೊ ಎಲಿಯಾಸ್ ಕಾರನ್ನು ನಿಧಾನಿಸಿದ. ಅವನ ಕತ್ತು ಅತ್ತಿಂದಿತ್ತ ತಿರುಗುತ್ತಿತ್ತು. ಇವಳು ಕೋಪದಲ್ಲಿ ಅದನ್ನು ಗಮನಿಸಲಿಲ್ಲ. ಊರು ದಾಟಿ ಏರು ಶುರುವಾಗುವ ತಿರುವಿನಲ್ಲಿ ಈರುಳ್ಳಿ ತುಂಬಿದ ಲಾರಿಯೊಂದು ರಸ್ತೆಯ ಬಲ ಅಂಚಿಗೆ ನಿಂತಿತ್ತು. ತಿರುವು ಹೊರಳುತ್ತ ಮೋನಾ ಅದರ ಬೆನ್ನಿನ ಮೂಲೆಗೇ ಹೋಗುತ್ತಿತ್ತು. ಕೊನೆಯ ಗಳಿಗೆಯಲ್ಲಿ ಎರ್ಮೆನ್ಸಿಯಾ ಕೈ ಚಾಚಿ ಸ್ಟಿಯರಿಂಗನ್ನು ಎಡಕ್ಕೆ ತಳ್ಳಿದಳು. ಕಾರು ಲಾರಿಯ ಮಗ್ಗುಲಿನಿಂದ ಜಾರಿ ರಸ್ತೆಯಾಚೆಯ ಚರಂಡಿಯ ಕೆಸರಿಗೆ ಇಳಿದು ನಿಂತಿತು. ಇಬ್ಬರಿಗೂ ಏನೂ ಆಗಲಿಲ್ಲ. ಮಡಿಲಲ್ಲಿದ್ದ ಕೇಕು ಮಾತ್ರ ಕಾಲಡಿಗೆ ಬಿತ್ತು.

"ಅಷ್ಟು ದೊಡ್ಡ ಲಾರಿ, ಕಾಣಿಸ್ಲಿಲ್ವಾ?" ಅಂದಳು.

ಕಾಂಪೊ ಎಲಿಯಾಸ್ ಸ್ಟಿಯರಿಂಗ್ ಬಿಟ್ಟಿರಲಿಲ್ಲ. "ನೀವು ಯಾಕೆ ಹೇಳ್ಲಿಲ್ಲ?" ಅಂದ.

ಆ ಮಾತು ಅವಳ ತಲೆಗೆ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಓದಿಲಿಯಾಳ ಹಸು, ಗೊಬ್ಬರದ ಲಾರಿ, ಸೈಕಲ್ಲಿನವನು, ಇಷ್ಟು ದಿನ ಅವಳು ಹರಟಿದ್ದೆಲ್ಲ ಅವನಿಗೆ ದಾರಿಯಾಗಿತ್ತು. ಹಿಂದಿನ ಸೀಟಿನಲ್ಲಿ ಶೆಡ್ಡಿನ ಹೆಂಗಸರನ್ನು ಸಂತೆಗೆ ಕರೆದೊಯ್ದದ್ದು, ಮೊಮ್ಮಗಳನ್ನು ತನ್ನ ತೊಡೆಯ ಮೇಲೆ ಕೂರಿಸಿಕೊಂಡು ಗುಡ್ಡ ಇಳಿದದ್ದು, ಒಂದೊಂದಾಗಿ ನೆನಪಾಯಿತು.

"ಎಷ್ಟು ದಿನದಿಂದ?"

"ಎದುರಿಗಿರೋದು ಕಾಣತ್ತೆ. ಪಕ್ಕದ್ದು ಕಾಣಲ್ಲ. ಕೊಳವೆ ಒಳಗಿಂದ ನೋಡಿದ ಹಾಗೆ." ಸ್ಟಿಯರಿಂಗನ್ನು ಅಂಗೈಯಿಂದ ಒರೆಸುತ್ತ, "ರಸ್ತೆ ಹೇಗೂ ನಂಗೆ ಬಾಯಿಪಾಠ" ಅಂದ.

"ರಸ್ತೆ ಬಾಯಿಪಾಠ ಸರಿ. ರಸ್ತೆ ಮೇಲೆ ಬರೋರೂ ಬಾಯಿಪಾಠವಾ?"

ಕಾಂಪೊ ಎಲಿಯಾಸನ ತಮ್ಮ ಬೆಲಾರ್ಮಿನೊ ತನ್ನ ಹಾಲಿನ ಟ್ರಕ್ಕು ತಂದು ಹಗ್ಗ ಕಟ್ಟಿ ಮೋನಾಳನ್ನು ಎಳೆದ. "ಏನಣ್ಣ, ಚರಂಡಿಯಲ್ಲಿ ಮೀನು ಹಿಡೀತಿದ್ಯಾ?" ಅಂತ ನಕ್ಕ. ಕಾಂಪೊ ಎಲಿಯಾಸ್ ತಲೆ ತಗ್ಗಿಸಿದ. ಎರ್ಮೆನ್ಸಿಯಾ ನಡುವೆ ಬಂದು, "ಹಸು ಅಡ್ಡ ಬಂತು" ಅಂದಳು. ಸುಳ್ಳು ಯಾಕೆ ಹೇಳಿದೆ ಅಂತ ಅವಳಿಗೇ ಗೊತ್ತಾಗಲಿಲ್ಲ. ಕೋಪವಂತೂ ಕೊತಕೊತ ಕುದಿಯುತ್ತಿತ್ತು. ಮನೆಗೆ ಬಂದವಳು ಗಂಡ ತೂಗುಹಾಕಿದ ಕಾರಿನ ಬೀಗದ ಕೈಯನ್ನು ಗೋಡೆಯ ಮೊಳೆಯಿಂದ ತೆಗೆದು ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು.

ಮುಂದಿನ ದಿನಗಳಲ್ಲಿ ಮನೆಯೊಳಗೆ ಮಾತಿರಲಿಲ್ಲ. ಕಾಂಪೊ ಎಲಿಯಾಸ್ ಬೆಳಿಗ್ಗೆ ಹಾಲು ಮೊಟ್ಟೆಯ ಸಾರು ಕುಡಿದು, ಅಂಗಳದಲ್ಲಿ ಕಾರಿನ ಪಕ್ಕ ಸ್ಟೂಲು ಹಾಕಿಕೊಂಡು ಕೂರುತ್ತಿದ್ದ. ಬೆಲಾರ್ಮಿನೊ ಬಂದು, "ನಿಲ್ಸಿದ್ರೆ ತುಕ್ಕು ಹಿಡಿಯತ್ತೆ, ಮಾರಿಬಿಡು" ಅಂದ. ಅಣ್ಣ ಬಾನೆಟ್ಟನ್ನು ಅಂಗೈಯಿಂದ ಸವರಿದ. ಅಡುಗೆಮನೆಯಲ್ಲಿ ಅದನ್ನು ಕೇಳಿಸಿಕೊಂಡ ಎರ್ಮೆನ್ಸಿಯಾ ಮೈದುನ ಹೋದ ಮೇಲೆ ಹೊರಗೆ ಬಂದಳು.

"ನಂಗೆ ಕಲಿಸಿ" ಅಂದಳು.

"ಈ ವಯಸ್ಸಲ್ಲಿ?"

"ವಯಸ್ಸು ನಿಮಗೂ ಆಗಿದೆ. ಕಣ್ಣು ಮಾತ್ರ ಎರಡೂ ನನ್ನ ಹತ್ರ ಇದೆ."

ಸರೋವರದ ದಡದಲ್ಲಿ ಮಟ್ಟಸವಾದ ಮಣ್ಣಿನ ದಾರಿಯಿದೆ, ವಾರದ ದಿನ ಅಲ್ಲಿ ಜನ ಕಡಿಮೆ. ಅಲ್ಲಿಯವರೆಗೆ ಬೆಲಾರ್ಮಿನೊ ಕಾರನ್ನು ತಂದುಕೊಟ್ಟ. ಕಾಂಪೊ ಎಲಿಯಾಸ್ ಕೆಟ್ಟ ಮೇಷ್ಟ್ರು. ಮೋನಾಳ ಗೇರಿನ ಕೋಲು ಛತ್ರಿಯ ಹಿಡಿಯಂತೆ ಸ್ಟಿಯರಿಂಗಿನ ಬಳಿಯಿಂದ ಹೊರಟಿರುತ್ತದೆ. ಅದನ್ನು ತಿರುಚಬೇಕು, ತಳ್ಳಬೇಕು, ಎಳೆಯಬೇಕು. ಅವಳು ತಿರುಚುವ ಮೊದಲೇ ಅವನು ತಪ್ಪು ಅನ್ನುತ್ತಿದ್ದ. "ಕ್ಲಚ್ಚು. ಕ್ಲಚ್ಚು ಬಿಟ್ರಿ. ಅಯ್ಯೋ, ಪಾಪದ್ದನ್ನ ಕೊಲ್ತಿದೀರಿ. ಕಿವಿ ಇಲ್ವಾ ನಿಮಗೆ? ಅದು ಅಳೋದು ಕೇಳಲ್ವಾ?"

ಮೂರನೆಯ ಸಲ ಇಂಜಿನ್ ಕೆಮ್ಮಿ ನಿಂತಾಗ ಎರ್ಮೆನ್ಸಿಯಾ ಬೀಗದ ಕೈ ತೆಗೆದುಕೊಂಡು ಕೆಳಗಿಳಿದಳು. ಬಾಗಿಲು ಹಾಕಿ, ಊರ ಕಡೆ ನಡೆದುಬಿಟ್ಟಳು. ಕಾಂಪೊ ಎಲಿಯಾಸ್ ಬಲಗಡೆಯ ಸೀಟಿನಲ್ಲಿ ಕೂತೇ ಇದ್ದ. ಗಾಳಿ ಬೀಸುತ್ತಿತ್ತು. ಈರುಳ್ಳಿ ಹೊಲದ ಕೆಲಸಗಾರರು ಒಬ್ಬೊಬ್ಬರಾಗಿ ಹಾದು ಹೋಗುತ್ತ, ಏನು ತಾತ, ಪೆಟ್ರೋಲು ಮುಗೀತಾ, ಹೆಂಡತಿ ಮುಗೀತಾ ಅಂತ ಕೇಳಿದರು. ಅವನು ಹೊದ್ದಿದ್ದ ಕಂಬಳಿಯ ಅಂಚನ್ನು ಮೂಗಿನವರೆಗೆ ಎಳೆದುಕೊಂಡ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಎರ್ಮೆನ್ಸಿಯಾ ಫ್ಲಾಸ್ಕಿನಲ್ಲಿ ಬಿಸಿ ಬೆಲ್ಲದ ಪಾನಕವನ್ನೂ ಒಂದು ತುಂಡು ಚೀಸನ್ನೂ ತಂದಳು. ಅವನು ಕುಡಿಯುವವರೆಗೆ ಕಾದು, "ಒಂದು ಸಲಕ್ಕೆ ಒಂದೇ ತಪ್ಪು ಹೇಳ್ಬೇಕು. ಎರಡನೇದು ಹೇಳಿದ್ರೆ ನಾನು ಇಳೀತೀನಿ. ಈ ಸಲ ಪಾನಕ ಬರಲ್ಲ" ಅಂದಳು.

"ಯಾವ ತಪ್ಪು ಅಂತ ಆರಿಸ್ಲಿ? ಅಷ್ಟಿವೆ" ಅಂದ ಅವನು. ಬಹಳ ದಿನಗಳ ಮೇಲೆ ಇಬ್ಬರೂ ನಕ್ಕರು.

ಅಲ್ಲಿಂದ ಪಾಠ ಸಾಗಿತು. ಕಾರಿನ ಬಾನೆಟ್ಟು ಎತ್ತಿ ಕಲಿಸುವಾಗ ಅವನಿಗೆ ತಾಳ್ಮೆ ಎಲ್ಲಿಂದಲೋ ಬರುತ್ತಿತ್ತು. ಅವಳ ಬೆರಳು ಹಿಡಿದು ಬೆಲ್ಟಿನ ಮೇಲಿಟ್ಟು, ಇಷ್ಟು ಬಗ್ಗಬೇಕು, ಇದಕ್ಕಿಂತ ಹೆಚ್ಚಾದರೆ ಸಡಿಲ ಅನ್ನುತ್ತಿದ್ದ. ಕಂತೆ ಕಟ್ಟಿ ಪಳಗಿದ ಬೆರಳಿಗೆ ಬಿಗಿ ಸಡಿಲ ಹೊಸದಲ್ಲ, ಬೇಗ ಹತ್ತಿತು. ಪ್ಲಗ್ಗು ಬಿಚ್ಚಿ ಮಸಿ ತೆಗೆಯುವುದನ್ನು ಕಲಿತಳು, ಬಿಸಿ ರೇಡಿಯೇಟರಿನ ಮುಚ್ಚಳ ತೆಗೆದು ಒಮ್ಮೆ ಕೈ ಸುಟ್ಟುಕೊಂಡು ಅದನ್ನೂ ಕಲಿತಳು. ಲೈಸೆನ್ಸಿನ ಪರೀಕ್ಷೆಗೆ ಸೊಗಾಮೊಸೊಗೆ ಬಸ್ಸಿನಲ್ಲಿ ಹೋದಳು. ಮೊದಲ ಸಲ ರಿವರ್ಸಿನಲ್ಲಿ ಕಂಬಕ್ಕೆ ತಾಗಿಸಿ ಮರಳಿದಳು. ಮುಂದಿನ ಸಲ ಪಾಸಾದಳು. ಶೆಡ್ಡಿನಲ್ಲಿ ಹೆಂಗಸರು, ಇನ್ನು ನಮ್ಮ ಜೀವ ಎರ್ಮೆನ್ಸಿಯಾ ಕೈಲಿ, ಯಾವುದಕ್ಕೂ ಪಾದ್ರಿ ಹತ್ರ ಪಾಪ ಒಪ್ಪಿಕೊಂಡು ಬನ್ನಿ ಅಂತ ಆಡಿಕೊಂಡರು.

ಲೈಸೆನ್ಸು ಕೈಗೆ ಬಂದ ಮೇಲೆ ಅವಳು ಮಾಡಿದ ಮೊದಲ ಕೆಲಸವೆಂದರೆ ಗಂಡನನ್ನು ಕಣ್ಣಿನ ಡಾಕ್ಟರ ಬಳಿ ಕರೆದೊಯ್ದದ್ದು. ಅವನು ಇಷ್ಟು ದಿನ ಹೋಗದೆ ಇದ್ದದ್ದು ಅವರು ಏನು ಹೇಳುತ್ತಾರೆ ಎಂಬ ಭಯಕ್ಕೆ.

ಏರು ಚೆನ್ನಾಗಿಯೇ ಸಾಗಿತು. ಗುಡ್ಡದ ನೆತ್ತಿ ದಾಟಿ ಇಳಿಜಾರು ಶುರುವಾದ ಮೇಲೆ ಸಿಮೆಂಟಿನ ಲಾರಿಯೊಂದು ಮುಂದೆ ಸಿಕ್ಕಿತು. ಅದರ ಹಿಂದೆ ಎರ್ಮೆನ್ಸಿಯಾ ಬ್ರೇಕು ಒತ್ತುತ್ತ, ಬಿಡುತ್ತ, ಒತ್ತುತ್ತ ಇಳಿದಳು. ಸುಟ್ಟ ವಾಸನೆ ಬಂತು. ಮುಂದಿನ ತಿರುವಿನಲ್ಲಿ ಪೆಡಲ್ಲು ಹಿಟ್ಟಿನ ಮುದ್ದೆ ಒತ್ತಿದಂತೆ ಒಳಕ್ಕೆ ಹೋಯಿತು. ಲಾರಿಯ ಹಿಂಬದಿ ಹತ್ತಿರ ಹತ್ತಿರ ಬಂತು.

ಕಾಂಪೊ ಎಲಿಯಾಸನ ಬಾಯಿಂದ ಶಬ್ದ ಹೊರಡುವುದರೊಳಗೆ ಅವಳು ಗೇರಿನ ಕೋಲು ತಿರುಚಿ ಮೂರರಿಂದ ಎರಡಕ್ಕೆ ಎಳೆದಿದ್ದಳು. ಮೋನಾ ಕಿರುಚಿತು, ಮುಗ್ಗರಿಸಿದಂತಾಗಿ ವೇಗ ತಗ್ಗಿತು. ಅಲ್ಲಿಂದ ಒಂದಕ್ಕೆ. ಕೈಬ್ರೇಕನ್ನು ಸ್ವಲ್ಪ ಸ್ವಲ್ಪವೇ ಎಳೆಯುತ್ತ, ರಸ್ತೆ ಬದಿಯ ಕಾರ್ಮೆನ್ ಮಾತೆಯ ಗುಡಿಯ ಮುಂದೆ ಜಲ್ಲಿಕಲ್ಲಿನ ಜಾಗದಲ್ಲಿ ನಿಲ್ಲಿಸಿದಳು. ಬಸ್ಸಿನವರು ಲಾರಿಯವರು ಕೈಮುಗಿದು ಹೋಗುವ ಗುಡಿ ಅದು. ಚಕ್ರಗಳಿಂದ ತೆಳ್ಳಗೆ ಹೊಗೆ ಏಳುತ್ತಿತ್ತು.

"ನೀರು ಹಾಕ್ಬೇಡಿ. ತಾನಾಗೇ ಆರ್ಲಿ" ಅಂದ ಗಂಡ.

"ಗೊತ್ತು."

ಗುಡಿಯ ಕಟ್ಟೆಯ ಮೇಲೆ ಕೂತರು. ಅವನು ಕಂಬಳಿಯ ಅರ್ಧವನ್ನು ಅವಳ ಮೇಲೆ ಹಾಕಿದ.

"ಇಷ್ಟು ವರ್ಷ ಬಸ್ಸು ಓಡಿಸ್ದೆ. ಬಲಗಡೆ ಸೀಟಲ್ಲಿ ಕೂತೋರಿಗೆ ಹೇಗಿರತ್ತೆ ಅಂತ ಗೊತ್ತೇ ಇರ್ಲಿಲ್ಲ" ಅಂದ. "ಕಾಲಡಿ ಬ್ರೇಕಿಲ್ಲ, ಕೈಗೆ ಸ್ಟಿಯರಿಂಗಿಲ್ಲ."

"ನಂಗೆ ಗೊತ್ತಿತ್ತು" ಅಂದಳು ಅವಳು.

ಅವನು ಚಕ್ರದ ಹೊಗೆಯ ಕಡೆ ಮುಖ ತಿರುಗಿಸಿದ. ಆಮೇಲೆ, "ತಪ್ಪಾಯ್ತು. ಕೂಸನ್ನ ಕಾರಲ್ಲಿ ಕೂರಿಸ್ಕೊಂಡು ಓಡಿಸ್ಬಾರದಿತ್ತು" ಅಂದ. ಅವಳು ಪರವಾಗಿಲ್ಲ ಅನ್ನಲಿಲ್ಲ. ಚಕ್ರ ಮುಟ್ಟಿ ನೋಡಿ, ಆರಿದೆ ಏಳಿ ಅಂದಳು. ಉಳಿದ ಇಳಿಜಾರನ್ನು ಎರಡನೇ ಗೇರಿನಲ್ಲೇ ಇಳಿದರು. ಹಿಂದೆ ಸಾಲುಗಟ್ಟಿದವರು ಹಾರನ್ನು ಹೊಡೆದರು, ಹೊಡೆಯಲಿ ಅಂತ ಬಿಟ್ಟಳು.

ಡಾಕ್ಟರು ವಯಸ್ಸಾದ ಹೆಂಗಸು, ಸುತ್ತಿಬಳಸದೆ ಹೇಳಿದರು. ಕಣ್ಣಿನೊಳಗೆ ಒತ್ತಡ ಏರಿ ನರ ಸಾಯುತ್ತಿದೆ. ಹೋದದ್ದು ವಾಪಸು ಬರುವುದಿಲ್ಲ. ದಿನವೂ ತಪ್ಪದೆ ಹನಿ ಹಾಕಿದರೆ ಉಳಿದದ್ದು ಉಳಿಯಬಹುದು. ಕಾಂಪೊ ಎಲಿಯಾಸ್ ಕೇಳಿದ್ದು ಒಂದೇ ಪ್ರಶ್ನೆ, ಮತ್ತೆ ಕಾರು ಓಡಿಸಬಹುದಾ ಅಂತ. ಡಾಕ್ಟರು ಇಲ್ಲ ಎಂದು ತಲೆಯಾಡಿಸಿದರು. ಹೊರಗೆ ಬಂದು ಅವನು ಮೋನಾಳ ಬಲಬಾಗಿಲನ್ನು ತಾನೇ ತೆರೆದು ಕೂತ. ನೂಬಿಯಾಳ ಮನೆ ಮುಟ್ಟುವವರೆಗೆ ಕಣ್ಣೊರೆಸಿದ ಕರ್ಚೀಫು ಕೈಯಲ್ಲೇ ಇತ್ತು. ಅಲ್ಲಿ ಮಗಳಿಗೆ, ಊರಿಗೆ ಮರಳಿ ತಮ್ಮನಿಗೆ, ಎಲ್ಲವನ್ನೂ ತಾನೇ ಹೇಳಿದ. ಬೆಲಾರ್ಮಿನೊ ಆ ದಿನ ತಮಾಷೆ ಮಾಡಲಿಲ್ಲ. ಅತ್ತಿಗೆ ಕಡೆ ನೋಡಿ, "ಬ್ರೇಕಿನ ಲೈನಿಂಗು ಬದಲಾಯಿಸೋಣ, ನಾನು ಬರ್ತೀನಿ" ಅಂದ ಅಷ್ಟೇ.

ಅದಾಗಿ ಹಲವು ವರ್ಷ ಕಳೆದಿವೆ. ಎರ್ಮೆನ್ಸಿಯಾ ಈಗ ಶೆಡ್ಡಿಗೆ ಅರ್ಧ ದಿನ ಹೋಗುತ್ತಾಳೆ. ಸಂತೆಯ ದಿನ ಮೋನಾ ಹೆಂಗಸರಿಂದ ತುಂಬಿರುತ್ತದೆ, ಸೀಟೆಲ್ಲ ಈರುಳ್ಳಿಯ ವಾಸನೆ. ಕಾಂಪೊ ಎಲಿಯಾಸನ ನೋಟ ಇನ್ನಷ್ಟು ಕಿರಿದಾಗಿದೆ, ಆದರೂ ಹೆಂಡತಿಯ ಮುಖ ಕಾಣುವಷ್ಟಿದೆ. ಭಾನುವಾರ ಕಾರು ತೊಳೆಯುವುದು ಅವನ ಪಾಲಿನ ಕೆಲಸ. ತೋಳು ಮಡಚಿ, ಬಕೆಟ್ಟು ಇಟ್ಟುಕೊಂಡು, ಅಂಗೈಯಿಂದ ತಗಡನ್ನು ಸವರುತ್ತ ಹೋಗುತ್ತಾನೆ. ಕಳೆದ ವಾರ ಹಿಂಬಾಗಿಲಿನ ಕೆಳಗೆ ಬಣ್ಣ ಉಬ್ಬಿದ್ದು ಅವನ ಬೆರಳಿಗೆ ಸಿಕ್ಕಿತು. ಕೆರೆದು ನೋಡಿದರೆ ಒಳಗೆಲ್ಲ ತುಕ್ಕು.

"ಬೆಸುಗೆ ಹಾಕಿಸ್ಬೇಕು" ಅಂದ.

"ಗುರುವಾರ ಹೋಗೋಣ" ಅಂದಳು ಎರ್ಮೆನ್ಸಿಯಾ, ಎಣ್ಣೆಯ ಕಡ್ಡಿಯನ್ನು ಚಿಂದಿಯಿಂದ ಒರೆಸುತ್ತ. "ಬುಧವಾರ ನಂಗೆ ಶೆಡ್ಡಿದೆ."