ಅರ್ಧ ಹೆಸರು ಹಿಡಿದು ಬಿನ್ನಿಪೇಟೆಗೆ

ಈ ಪ್ರಯಾಣದ ಬಗ್ಗೆ ಬರೆಯಬೇಕೆಂದು ಕೂತು, ಪೆನ್ನು ಮುಚ್ಚಿಟ್ಟು ಎದ್ದು, ಮೂರು ವರ್ಷ ಕಳೆದೆ. ದೂರದ ಊರೇನಲ್ಲ. ವೈಯಾಲಿಕಾವಲಿನ ನಮ್ಮ ಮನೆಯಿಂದ ಬಿನ್ನಿಪೇಟೆಗೆ ಹೆಚ್ಚೆಂದರೆ ಏಳು ಕಿಲೋಮೀಟರು. ಕಾಶಿಗೂ ಹೋಗಿ ಬಂದವನು ನಾನು. ಇಲ್ಲಿಗೆ ಹೋಗಲು ಮಾತ್ರ ಮೂವತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು.

ಎರಡು ಸಾವಿರದ ನಾಲ್ಕನೇ ಇಸವಿ, ಮಾರ್ಚಿ ತಿಂಗಳ ಒಂದು ಭಾನುವಾರ. ಬೆಳಿಗ್ಗೆ ಒಂಬತ್ತಕ್ಕೇ ಬಿಸಿಲು ಚುರುಗುಟ್ಟುತ್ತಿತ್ತು. ಮಲ್ಲೇಶ್ವರಂವರೆಗೆ ನಡೆದು, ಸಂಪಿಗೆ ರಸ್ತೆಯಲ್ಲಿ ಮೆಜೆಸ್ಟಿಕ್ ಬಸ್ಸು ಹತ್ತಿದೆ. ಟಿಕೆಟ್ಟು ಮೂರು ರೂಪಾಯಿ. ಬಾಗಿಲ ಬಳಿಯೇ ನಿಂತಿದ್ದೆನೆಂದು ಕಂಡಕ್ಟರು ಗದರಿದ: "ತಾತ, ಒಳಗಡೆ ಬನ್ನಿ. ಇಳಿಯೋಕೆ ಇಷ್ಟು ಅರ್ಜೆಂಟ್ ಇದ್ರೆ ಹತ್ತಿದ್ದಾದ್ರೂ ಯಾಕೆ?" ಪಕ್ಕದವರು ನಕ್ಕರು. ನಿಜವಾಗಿಯೂ ಇಳಿದುಬಿಡುವ ಯೋಚನೆಯಲ್ಲೇ ಇದ್ದೆ.

ಹೊರಟಿದ್ದು ಒಬ್ಬರ ಕ್ಷಮೆ ಕೇಳಲು. ಎಸ್ಸೆಸ್ಸೆಲ್ಸಿ ಮುಗಿಸಿದ ನಾನು ಒಂದು ಕಾರ್ಖಾನೆಯಲ್ಲಿ ಹಾಜರಿ ಗುಮಾಸ್ತನಾಗಿದ್ದೆ. ಆ ಕಾರ್ಖಾನೆ ಈಗಿಲ್ಲ. ದಿನಾ ಬೆಳಿಗ್ಗೆ ಗೇಟಿನಲ್ಲಿ ನಿಂತು ಹೆಸರು ಕೂಗುವುದು ನನ್ನ ಕೆಲಸ. ಕಕ್ಕಸು ತೊಳೆಯುವವರ ಹೆಸರನ್ನು ಮಾತ್ರ ಕತ್ತರಿಸಿ ಬರೆಯುತ್ತಿದ್ದೆ. ಕೊನೆಯ 'ಅಯ್ಯ' ಹೋಗುತ್ತಿತ್ತು, 'ಅಪ್ಪ' ಹೋಗುತ್ತಿತ್ತು. ಪುಟದ ಕೆಳಗೆ ನನ್ನ ರುಜುವಿನಲ್ಲಿ 'ಅಯ್ಯ' ಪೂರ್ತಿ ಇರುತ್ತಿತ್ತು.

ಒಂದು ದಿನ "ಗುರುವ" ಎಂದು ಕೂಗಿದರೆ ಉತ್ತರವಿಲ್ಲ. ಅವರು ನನಗಿಂತ ಎಷ್ಟೋ ದೊಡ್ಡವರು, ಹತ್ತಿರ ಬಂದು ಮೆಲ್ಲಗೆ, "ಸ್ವಾಮಿ, ಪೂರ್ತಿ ಕೂಗಿ" ಎಂದರು. "ಓಹೋ! ನಾನು ನಿನ್ನನ್ನ ಅಯ್ಯಾ ಅನ್ಬೇಕೇನೋ?" ಎಂದೆ. ಗೇಟಿನಲ್ಲಿದ್ದವರೆಲ್ಲ ನಕ್ಕರು. ಆ ನಗು ನನಗೆ ಹಿತವಾಯಿತು. ಒಂಬತ್ತು ದಿನ ಅವರು ಓಗೊಡಲಿಲ್ಲ. ಒಂಬತ್ತು ದಿನವೂ ಕೆಲಸ ಮಾಡಿಸಿಕೊಂಡು ಗೈರುಹಾಜರಿ ಹಾಕಿದೆ. ಗೈರುಹಾಜರಿ ಎಂದರೆ ಕೂಲಿ ಇಲ್ಲ. ಹತ್ತನೆಯ ದಿನ ಅವರು ತಲೆ ತಗ್ಗಿಸಿ, ನಾನು ಕೂಗಿದ ಹೆಸರಿಗೆ "ಇದೀನಿ ಸ್ವಾಮಿ" ಎಂದರು.

ಹೀಗೆ ಮಾಡು ಎಂದು ಮೇಲಿನವರು ಯಾರೂ ನನಗೆ ಹೇಳಿರಲಿಲ್ಲ. ಬೇಡ ಎಂದೂ ಯಾರೂ ಹೇಳಲಿಲ್ಲ. ಅದೇ ಸಂಜೆ ಮನೆಗೆ ಹೋಗಿ ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟೆ. ಚೆನ್ನಾಗಿ ನಿದ್ದೆಯೂ ಬಂತು.

ಮೆಜೆಸ್ಟಿಕ್ಕಿನಲ್ಲಿ ಬಸ್ಸು ಬದಲಿಸಿ ಬಿನ್ನಿಪೇಟೆಯಲ್ಲಿ ಇಳಿದಾಗ ಹತ್ತೂವರೆ. ಟೀ ಅಂಗಡಿಯವನನ್ನು, "ಇಲ್ಲಿ ಗುರುವನ ಮನೆ ಎಲ್ಲಿ?" ಎಂದು ಕೇಳಿದೆ. ಅವನು ಲೋಟ ತೊಳೆಯುತ್ತಲೇ, "ಆ ಹೆಸರಿನೋರು ಯಾರೂ ಇಲ್ಲ ಯಜಮಾನ್ರೇ" ಎಂದ. ಆಗ ಗೊತ್ತಾಯಿತು ನನ್ನ ನಾಲಿಗೆ ಏನು ಮಾಡಿತೆಂದು. ಕ್ಷಮೆ ಕೇಳಲು ಹೊರಟವನು ಮತ್ತೆ ಕತ್ತರಿಸಿದ್ದೆ. ಜೀವಮಾನದಲ್ಲಿ ಮೊದಲ ಸಲ ಪೂರ್ತಿ ಹೆಸರು ಹೇಳಿದೆ.

"ಓ, ನಮ್ಮ ಟೀಚರಮ್ಮನ ತಂದೆ! ಹಂಗ್ ಹೇಳಿ ಮತ್ತೆ. ಎಡಗಡೆ ಹೋಗಿ, ನೀಲಿ ಬಾಗಿಲು. ಆದ್ರೆ ಅವ್ರು ತೀರ್ಕೊಂಡು ಎರಡು ವರ್ಷ ಆಯ್ತಲ್ಲ."

ವಾಪಸ್ಸು ಬಸ್ಸು ಹತ್ತಬಹುದಿತ್ತು. ಎಡಕ್ಕೆ ನಡೆದೆ.

ಬಾಗಿಲು ತೆಗೆದ ಮಗಳಿಗೆ ಐವತ್ತರ ಹತ್ತಿರ ವಯಸ್ಸು. ನಾನು ಯಾರೆಂದು ಹೇಳಿದೆ. "ಹಾಜರಿ ಸ್ವಾಮಿಗಳಾ? ನಮ್ಮ ಮನೇಲಿ ನಿಮ್ಮ ಹೆಸರು ಅದೇ. ಬನ್ನಿ, ಬಿಸಿಲಲ್ಲಿ ನಿಲ್ಬೇಡಿ" ಎಂದರು.

ಒಳಗೆ ಕೂತು ಎಲ್ಲ ಹೇಳಿದೆ. ಅವರು ಕೊನೆಗೆ, "ಆ ಹತ್ತನೇ ದಿನದ್ದು ನಿಮಗೆ ಅರ್ಧ ಮಾತ್ರ ಗೊತ್ತು" ಎಂದರು. "ಗಂಡನ ಹೆಸರು ಹೇಳಿದ್ರೆ ಆಯಸ್ಸು ಕಮ್ಮಿ ಆಗುತ್ತೆ ಅಂತ ನಮ್ಮಮ್ಮ ಒಂದ್ಸಲಾನೂ ಹೇಳಿದೋಳಲ್ಲ. ಮನೇಲಿ ಅಕ್ಕಿ ಇರ್ಲಿಲ್ಲ, ನಾವು ಮೂರು ಮಕ್ಕಳು. ಅವತ್ತು ಬೆಳಿಗ್ಗೆ ಅಪ್ಪನ್ನ ಹೊಸ್ತಿಲಲ್ಲಿ ನಿಲ್ಲಿಸಿ, ಬೀದಿಗೆಲ್ಲ ಕೇಳೋ ಹಾಗೆ ಪೂರ್ತಿ ಹೆಸರು ಕೂಗಿದ್ಲು. 'ಇಲ್ಲಿ ಹಾಜರಿ ಆಯ್ತು. ಇನ್ನು ಅಲ್ಲಿ ಅವ್ರು ಏನಾದ್ರೂ ಕೂಗ್ಕೊಳ್ಲಿ' ಅಂದ್ಲು. ಅಪ್ಪ ಕೆಲಸ ಬಿಡೋವರೆಗೂ ದಿನಾ ಕೂಗಿದ್ಲು. ಅಕ್ಕಪಕ್ಕದೋರು ಗಡಿಯಾರ ಸರಿ ಮಾಡ್ಕೋತಿದ್ರು!" ಹೇಳುತ್ತ ಅವರೇ ನಕ್ಕರು. "ಆಯಸ್ಸೇನೂ ಕಮ್ಮಿ ಆಗ್ಲಿಲ್ಲ ನೋಡಿ. ಎಂಬತ್ತು ದಾಟಿದ್ರು."

ನಾನು ಮುರಿದೆ ಎಂದುಕೊಂಡಿದ್ದ ಮನುಷ್ಯ ದಿನವೂ ಇಡೀ ಹೆಸರು ಕೇಳಿಸಿಕೊಂಡೇ ನನ್ನ ಗೇಟಿಗೆ ಬರುತ್ತಿದ್ದರು. ಅವರನ್ನು ಒಬ್ಬರು ಹಾಗೆ ಕಾಪಾಡಿದ್ದರೆಂದು ತಿಳಿದು, ನಾಚಿಕೆಯ ನಡುವೆಯೂ ಎದೆ ಹಗುರಾಯಿತು.

"ನಿಮ್ಮ ಕಾಲಿಗೆ ಬೀಳ್ಲೇನಮ್ಮ?"

"ಬೇಡ. ಆಮೇಲೆ ನಿಮ್ಮನ್ನ ಎಬ್ಬಿಸೋರ್ಯಾರು?" ಎಂದರು. ಮತ್ತೆ ಗಂಭೀರವಾಗಿ, "ಕ್ಷಮಿಸೋದು ಅಪ್ಪನ ಕೈಲಿತ್ತು, ನನ್ನ ಕೈಲಿಲ್ಲ. ನಿಮಗೆ ಬರೆಯೋಕೆ ಬರುತ್ತಲ್ಲ? ನಾಲ್ಕು ಜನ ಓದೋ ಕಡೆ ಬರೀರಿ. ಕತ್ತರಿಸ್ಬೇಡಿ" ಎಂದರು.

ಬೀದಿಯ ತಿರುವಿನಲ್ಲಿ ಹಿಂತಿರುಗಿ ನೋಡಿದೆ. ಅವರು ಬಾಗಿಲಲ್ಲೇ ನಿಂತಿದ್ದರು, ಹೋಗಿ ಎಂಬಂತೆ ಕೈಯಾಡಿಸಿದರು. ಮಧ್ಯಾಹ್ನ ಒಂದಕ್ಕೆಲ್ಲ ಮನೆ ಸೇರಿದೆ.

ಅವರು ಬದುಕಿದ್ದಾಗಲೇ ನಾನು ಕ್ಷಮೆ ಕೇಳಬೇಕಾಗಿದ್ದು, ಕೇಳದೆ ಹೋದದ್ದು, ಬಿನ್ನಿಪೇಟೆಯ ಶ್ರೀ ಗುರುವಯ್ಯನವರನ್ನು.