ಟಗರಿನ ಮೈಮೇಲಿನ ಋತುಗಳು

ನಿವೃತ್ತಿಯಾದ ಮೇಷ್ಟ್ರು ಕಾಶಿಗೆ ಹೋಗಬೇಕು, ಇಲ್ಲವೇ ಪದ್ಯ ಬರೆಯಬೇಕು. ನನಗೆ ಮಂಡಿನೋವು. ಹಾಗಾಗಿ ಆರು ಋತುಗಳ ಮೇಲೆ ಮಕ್ಕಳ ಪದ್ಯ ಬರೆದೆ. ನಾನು ಪಾಠ ಹೇಳಿದ ಶಾಲೆಯಲ್ಲಿ ಒಂದಾದರೂ ಮಗು ಅದನ್ನು ಗಟ್ಟಿಯಾಗಿ ಓದುವುದನ್ನು ಕೇಳಬೇಕು ಎಂಬುದೊಂದೇ ಆಸೆ.

ಚಿತ್ರಕ್ಕೆ ಹಿರಿಯೂರಿನ ಲಾರಿ ಪೇಂಟರ್ ಒಪ್ಪಿದ. ಕಣ್ಣಾರೆ ಕಾಣದ್ದನ್ನು ಬರೆಯುವುದಿಲ್ಲವೆಂಬುದು ಅವನ ವ್ರತ. ಅವನ ಅಂಗಡಿ ಎದುರು ಯಾರೋ ಒಂದು ಟಗರು ಕಟ್ಟುತ್ತಿದ್ದರು. ಆರು ಋತುಗಳಲ್ಲೂ ಅದೇ ಬಂತು. ವಸಂತದಲ್ಲಿ ಮಾವಿನ ಚಿಗುರನ್ನು ಅನುಮಾನದಿಂದ ನೋಡುತ್ತಿತ್ತು. ಮಳೆಗಾಲದಲ್ಲಿ ಕಾಮನಬಿಲ್ಲಿಗೆ ಬೆನ್ನು ಹಾಕಿತ್ತು.

ಪುಸ್ತಕ ಅಚ್ಚಾಯಿತು. ಶಾಲೆಗೆ ಸೇರಿಸಲು ಶಾಲಾ ಸಮಿತಿಯ ಅಧ್ಯಕ್ಷರು ಒಪ್ಪಬೇಕು. ಅವರು ಮೂರು ತಲೆಮಾರಿನ ಕುರಿಗಾರರು. ಪುಟಗಳನ್ನು ತಿರುವಿ, ಕಂಬಳಿ ಸರಿಪಡಿಸಿಕೊಂಡರು.

“ಮೇಷ್ಟ್ರೇ, ಇದು ಯಾವ ಕಾಲ?”

“ಶಿಶಿರ. ಕೊರೆಯುವ ಚಳಿ.”

“ಚಳಿಯಾಗೆ ಟಗರಿನ ಉಣ್ಣೆ ಕತ್ತರ್‍ಸಿ ಬೋಳು ನಿಲ್ಸೀರಲ್ಲ! ಬ್ಯಾಸಿಗಿ ಚಿತ್ರದಾಗೆ ನೋಡಿದ್ರೆ ಮೈತುಂಬ ಉಣ್ಣೆ ಐತೆ. ನಮ್ ಹುಡುಗ್ರು ಇದನ್ನ ಓದಿ ಚಳಿಗಾಲ್ದಾಗೆ ಕತ್ತರಿ ಹಿಡಿದ್ರೆ, ಸಾಯೋ ಕುರಿಗೆ ನೀವು ಪದ್ಯ ಹೇಳ್ತೀರೇನ್ರಿ?”

ಪೇಂಟರ್‌ಗೆ ಫೋನ್ ಮಾಡಿದೆ. “ನಾನು ಚಳಿ ಚಿತ್ರಕ್ಕೆ ಕುಂತಿದ್ದು ಬ್ಯಾಸಿಗೇಲಿ, ಅಷ್ಟೊತ್ತಿಗೆ ಅದ್ರ ಒಡೆಯ ಕತ್ತರ್‍ಸಿದ್ದ ಸಾರ್. ಇಲ್ಲದ ಉಣ್ಣೆ ಎಲ್ಲಿಂದ ತರ್‍ಲಿ?” ಎಂದ. ವ್ರತಭಂಗಕ್ಕೆ ಒತ್ತಾಯಿಸಲು ಮನಸ್ಸಾಗಲಿಲ್ಲ.

ಅಧ್ಯಕ್ಷರೇ ತೀರ್ಪು ಕೊಟ್ಟರು: “ಎರಡು ಪುಟದ ಹೆಸರು ಅದಲು ಬದಲು ಮಾಡ್ರಿ. ಪದ್ಯ ಹಂಗೇ ಇರ್‍ಲಿ, ಅದ್ರಿಂದ ಯಾರೂ ಸಾಯಲ್ಲ.”

ನಲವತ್ತು ವರ್ಷ ವ್ಯಾಕರಣ ಕಲಿಸಿದ ನಾನು ಮೈದಾ ಅಂಟು ಕಾಯಿಸಿ, ಪ್ರತಿ ಪುಸ್ತಕದಲ್ಲೂ ಗ್ರೀಷ್ಮದ ಮೇಲೆ ‘ಶಿಶಿರ’, ಶಿಶಿರದ ಮೇಲೆ ‘ಗ್ರೀಷ್ಮ’ ಎಂಬ ಚೀಟಿ ಅಂಟಿಸಿದೆ. ಋತುಚಕ್ರವನ್ನು ಹೀಗೆ ಕೈಯಾರೆ ತಿರುಗಿಸಿದವರು ಜಿಲ್ಲೆಯಲ್ಲಿ ಬೇರೊಬ್ಬರಿರಲಾರರು.

ಮರುವಾರ ಶಾಲೆಗೆ ಹೋದೆ. ಅಧ್ಯಕ್ಷರ ಮೊಮ್ಮಗಳು, ನಾಲ್ಕನೇ ತರಗತಿಯವಳು, ಎದ್ದು ನಿಂತು ಓದಿದಳು:

“ಶಿಶಿರ.
ಬಿಸಿಲಿಗೆ ರಸ್ತೆಯ ಡಾಂಬರು ಕರಗಿ
ಚಪ್ಪಲಿ ಉಳಿಯಿತು, ಕಾಲು ಮನೆಗೆ!”

ಒಂದಕ್ಷರ ತಡವರಿಸಲಿಲ್ಲ. ಕೇಳಬೇಕೆಂದಿದ್ದ ದನಿ ಅದೇ. ಆದರೂ ಮೇಷ್ಟ್ರ ಚಟ ಬಿಡಲಿಲ್ಲ. “ಏನವ್ವಾ, ಶಿಶಿರದಲ್ಲಿ ಡಾಂಬರು ಕರಗುತ್ತಾ? ಎಲ್ಲೋ ತಪ್ಪಿದೆ ಅನ್ನಿಸಲಿಲ್ವಾ?”

ಅವಳು ಚಿತ್ರವನ್ನು ಇನ್ನೊಮ್ಮೆ ಪರೀಕ್ಷಿಸಿದಳು.

“ಇಲ್ಲ ಸಾ. ಉಣ್ಣೆ ಸರಿಯಾಗೈತೆ.”