ಹಾಲು ಒಡೆದರೆ ಯಾವ ಬದಲಾವಣೆ

ಬಿಸಿ ಹಾಲಿಗೆ ನಿಂಬೆರಸ ಬಿದ್ದಾಗ ಏಳುವ ವಾಸನೆ ನಿಮಗೂ ಗೊತ್ತಿರುತ್ತದೆ. ಮೊದಲು ನಿಂಬೆಯ ಪರಿಮಳ, ಅದರ ಬೆನ್ನಿಗೇ ಬೆಚ್ಚನೆಯ ಒಂದು ಹುಳಿ. ಸಿರುಗುಪ್ಪದ ಶಾಲೆಯೊಂದರಲ್ಲಿ ನಾನು ವಿಜ್ಞಾನ ಹೇಳುವವಳು. ಭೌತ ಬದಲಾವಣೆ, ರಾಸಾಯನಿಕ ಬದಲಾವಣೆ ಎಂಬ ಪಾಠ ವರ್ಷಕ್ಕೊಮ್ಮೆ ಬಂದೇ ಬರುತ್ತದೆ. ಮೇಣ ಕರಗಿಸುತ್ತೇನೆ, ಕಾಗದ ಸುಡುತ್ತೇನೆ, ತುಕ್ಕು ಹಿಡಿದ ಮೊಳೆ ತೋರಿಸುತ್ತೇನೆ. ಹಾಲನ್ನು ಮಾತ್ರ ಬಾಯಿಮಾತಿನಲ್ಲೇ ದಾಟಿಸಿಬಿಡುತ್ತಿದ್ದೆ. ಈ ಸಲ ಹಚ್ಚೊಳ್ಳಿಯಿಂದ ಬಸ್ಸಿಗೆ ಬರುವ ಹುಡುಗಿಯೊಬ್ಬಳು ತಾನೇ ಡಬ್ಬಿಯಲ್ಲಿ ಹಾಲು ತಂದು, ಕಾಯಿಸಿ, ನಿಂಬೆಹಣ್ಣು ಹಿಂಡಿಬಿಟ್ಟಳು. ಆಮೇಲೆ ತಲೆ ಎತ್ತಿ, "ಟೀಚರ್, ಗಾಜೂ ಒಡೀತೈತಿ, ಹಾಲೂ ಒಡೀತೈತಿ. ಎರಡೂ ಒಂದ ಅಲ್ಲೇನ್ರಿ?" ಎಂದಳು. ಮಕ್ಕಳೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಅದೇ ಪ್ರಶ್ನೆಯನ್ನು ನಾನು ಏಳನೇ ತರಗತಿಯಲ್ಲಿ, ಕುರುಗೋಡಿನಲ್ಲಿ ಕೇಳಿದ್ದೆ. ಉತ್ತರ ಹುಡುಕಲು ಹೋಗಿ ಒಂದು ಮನೆಯನ್ನೇ ಕಳೆದಿದ್ದೆ.

ಆ ಮನೆ ಈಗಿಲ್ಲ. ಅಲ್ಲಿ ಗೊಬ್ಬರದ ಅಂಗಡಿ ಎದ್ದಿದೆ. ಆಗ ಅಲ್ಲಿ ಉದ್ದನೆಯ ಪಡಸಾಲೆ, ದಪ್ಪ ಮಣ್ಣಿನ ಗೋಡೆಗಳು, ಎಲ್ಲರಿಗೂ ಸೇರಿ ಒಂದೇ ಒಲೆ. ದೊಡ್ಡಪ್ಪನೂ ಅಪ್ಪನೂ ಹೊಲ ನೋಡಿದರೆ, ಮನೆ ನಡೆಸುತ್ತಿದ್ದವರು ದೊಡ್ಡಪ್ಪನ ಹೆಂಡತಿ ನೀಲವ್ವ, ಅಂದರೆ ನನ್ನ ದೊಡ್ಡವ್ವ, ಮತ್ತು ನನ್ನ ಹೆತ್ತವ್ವ ಗೌರಮ್ಮ. ಅವರು ಓರಗಿತ್ತಿಯರು ಅಂದರೆ ಹೊಸಬರು ನಂಬುತ್ತಿರಲಿಲ್ಲ. ಒಬ್ಬಳು ರೊಟ್ಟಿ ಬಡಿದರೆ ಇನ್ನೊಬ್ಬಳು ಬೇಯಿಸುವಳು. ರೊಟ್ಟಿ ಮುಗಿದರೂ ಮಾತು ಮುಗಿಯದು. ಬೇಸಿಗೆಯ ಮಧ್ಯಾಹ್ನ ಇಬ್ಬರೂ ಸೆರಗನ್ನು ನೀರಲ್ಲಿ ಅದ್ದಿ ಹೊದ್ದು, ತಣ್ಣನೆಯ ನೆಲದ ಮೇಲೆ ಮಲಗಿ, ಯಾವುದಕ್ಕೋ ಕಿಸಕಿಸ ನಗುತ್ತಿದ್ದರು. ನನ್ನ ಜಡೆ ಹಾಕುವ ಕೆಲಸ ದೊಡ್ಡವ್ವನದು. ಕಣ್ಣಲ್ಲಿ ನೀರು ಬರುವಷ್ಟು ಜಗ್ಗಿ ಹೆಣೆಯುತ್ತಿದ್ದಳು. ಈಗ ನನ್ನ ಕೂದಲು ಬೆಳ್ಳಗಾಗಿದೆ, ಆ ಜಗ್ಗುವ ಕೈ ಬೇಕು ಅನಿಸುತ್ತದೆ.

ನಮ್ಮ ಮಾಸ್ತರು ಹೇಳಿದ್ದಿಷ್ಟು: ರೂಪ ಬದಲಾದರೂ ವಸ್ತು ಅದೇ ಇದ್ದರೆ ಭೌತ ಬದಲಾವಣೆ, ಹೊಸ ವಸ್ತು ಹುಟ್ಟಿದರೆ ರಾಸಾಯನಿಕ. ಮಂಜುಗಡ್ಡೆ ಕರಗುವುದು, ಗಾಜು ಒಡೆಯುವುದು ಭೌತ. ನಾನೋ ಮಹಾ ಜಾಣೆ. ಒಡೆಯುವುದೆಲ್ಲ ಭೌತ ಎಂದು ಗಟ್ಟಿಮಾಡಿಕೊಂಡು, ಪರೀಕ್ಷೆಯಲ್ಲಿ 'ಹಾಲು ಒಡೆಯುವುದು' ಎಂಬುದರ ಮುಂದೆಯೂ ಭೌತ ಎಂದೇ ಬರೆದೆ. ಮಾಸ್ತರು ಕೆಂಪು ಗೆರೆ ಎಳೆದರು. ನಾನು ಬಿಡದೆ ವಾದಿಸಿದೆ. ಅವರು ನಗುತ್ತಾ, "ಹಂಗಾರ ಮನ್ಯಾಗ ಮಾಡಿ ನೋಡವಾ. ಒಡೆದ ಹಾಲು ಕೂಡಿಸಿಕೊಂಡು ಬಾ, ಪೂರಾ ಅಂಕ ಕೊಡ್ತೀನಿ" ಎಂದರು. ಚೇಷ್ಟೆ ಎಂದು ನನಗೆ ತಿಳಿಯಲಿಲ್ಲ.

ಮಾಡಿ ನೋಡಿದ್ದು ಯುಗಾದಿಯ ಬೆಳಿಗ್ಗೆ, ಮಠದ ಅಯ್ಯನವರು ನಮ್ಮ ಮನೆಗೆ ಊಟಕ್ಕೆ ಬರುವ ದಿನ. ಪಾಯಸಕ್ಕೆಂದು ದೊಡ್ಡ ಪಾತ್ರೆಯಲ್ಲಿ ಹಾಲು ಕಾದಿತ್ತು. ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಅರ್ಧ ನಿಂಬೆಹಣ್ಣು ಹಿಂಡಿದೆ, ಹಾಲು ಒಡೆಯಿತು. ಸೌಟು ತಿರುವಿದೆ, ತಣ್ಣೀರು ಸುರಿದೆ, ಉಪ್ಪು ಹಾಕಿದೆ. ಬಿಳಿ ಗಡ್ಡೆಗಳು ಹಸಿರು ನೀರಲ್ಲಿ ತೇಲುತ್ತಲೇ ಇದ್ದವು. ಹಿತ್ತಿಲಿಗೆ ಓಡಿ ಸಿಪ್ಪೆ ಒಗೆದು ಬರುವಷ್ಟರಲ್ಲಿ ದೊಡ್ಡವ್ವ ಒಲೆಯ ಮುಂದೆ ನಿಂತಿದ್ದಳು.

"ಗೌರಿ, ಹಾಲು ಯಾಕ ಒಡೀತು?"

ಕೂಗು ಕೇಳಿ ಒಳಗೆ ಬಂದ ಅವ್ವ ಪಾತ್ರೆ ನೋಡಿದಳು, ನನ್ನ ಮುಖ ನೋಡಿದಳು. "ನಾನ ಅಕ್ಕಾ, ಪಾತ್ರಿ ಸರಿ ತೊಳೀಲಿಲ್ಲ" ಎಂದಳು.

"ಸುಳ್ಳು ಹೇಳಬ್ಯಾಡ."

"ನಾನು ಸುಳ್ಳಗಾತೀನಾ ಹಂಗಾರ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಮಾತಿಗೆ ಮಾತು ಬೆಳೆಯಿತು. ಎಂದೋ ಬಾಣಂತನದಲ್ಲಿ ಆದ ಕೊರತೆ, ತವರಿನವರ ಬಗ್ಗೆ ಆಡಿದ್ದ ಮಾತು, ಎಲ್ಲ ಹೊರಗೆ ಬಂತು. ದೊಡ್ಡಪ್ಪನೂ ಅಪ್ಪನೂ ಬಾಯಿ ಹಾಕಿದರು. "ದೊಡ್ಡಬಸಪ್ಪನ ಆಣಿ, ಇನ್ನ ನಿನ್ನ ಹೊಸ್ತಿಲ ತುಳಿಯಂಗಿಲ್ಲ" ಎಂದು ಊರದೇವರ ಮೇಲೆ ಆಣೆ ಇಟ್ಟಳು ದೊಡ್ಡವ್ವ. ಹಿಂಡಿದವಳು ನಾನು ಎಂಬ ಒಂದೇ ಮಾತು ಸಾಕಿತ್ತು. ಅದನ್ನು ಹೇಳದೆ ಹಿತ್ತಿಲಿಗೆ ಓಡಿಹೋದೆ.

ತಿಂಗಳೊಳಗೆ ಪಡಸಾಲೆಯ ನಡುವೆ ಮಣ್ಣಿಟ್ಟಿಗೆಯ ಗೋಡೆ ಬಂತು, ಆಚೆಗೊಂದು ಹೊಸ ಬಾಗಿಲು ಕೊರೆದರು. ಊರವರು "ಮನಿ ಒಡೀತು" ಎಂದರು. ಆ ಮಾತು ಕೇಳಿ ನನಗೆ ಒಳಗೊಳಗೇ ಧೈರ್ಯ ಬಂದಿತ್ತು. ಹಾಲಿನ ವಿಷಯದಲ್ಲಿ ಸೋತಿದ್ದೆ, ಮನೆಯಾದರೂ ಗಾಜಿನ ಹಾಗೆ ಒಡೆದಿರಬಹುದು, ಒಳಗಿನ ವಸ್ತು ಅದೇ ಇರಬಹುದು, ನಾನೊಂದು ಮಾತು ಹೇಳಿಬಿಟ್ಟರೆ ಕೂಡಬಹುದು. ನಾಳೆ ಹೇಳೋಣ ಎಂದುಕೊಂಡೆ. ಹಾಗೆ ಎಷ್ಟು ನಾಳೆಗಳು ಹೋದವೋ. ಗೋಡೆಯಾಚೆ ದೊಡ್ಡವ್ವನ ಬಳೆ ಸದ್ದಾದರೆ ರೊಟ್ಟಿ ಬಡಿಯುವ ಅವ್ವನ ಕೈ ಗಕ್ಕನೆ ನಿಲ್ಲುತ್ತಿತ್ತು. ಸದ್ದು ಅಡಗಿದ ಮೇಲೆಯೇ ಮತ್ತೆ ಶುರು. ಇವತ್ತಿಗೂ ಸಿರುಗುಪ್ಪದ ನನ್ನ ಬಾಡಿಗೆ ಮನೆಯಲ್ಲಿ ಒಮ್ಮೊಮ್ಮೆ ಗೋಡೆಯಾಚೆ ಬಳೆ ಕೇಳಿಸುತ್ತದೆ. ಪಕ್ಕದಲ್ಲಿರುವುದು ಬೀಗ ಹಾಕಿದ ಗೋದಾಮು. ನಾನೂ ಕೈ ನಿಲ್ಲಿಸಿ ಕೇಳುತ್ತೇನೆ.

ನಾನು ಬಳ್ಳಾರಿಯಲ್ಲಿ ಬಿ.ಎಸ್ಸಿ. ಓದುತ್ತಿದ್ದಾಗ ಅವ್ವನಿಗೆ ಜ್ವರ ಬಂತು. ಎರಡೇ ದಿನದಲ್ಲಿ ತೀರಿಕೊಂಡಳು. ಬೆಳಗಿನ ಬಸ್ಸಿಗೆ ನಾನು ಬಂದಾಗ ಅವ್ವನನ್ನು ಗೋಡೆಗೆ ಒರಗಿಸಿ ಕೂರಿಸಿ, ವಿಭೂತಿ ಹಚ್ಚಿ, ಹೂ ಮುಡಿಸಿದ್ದರು. ನನ್ನ ಅಳು ಇನ್ನೂ ಹೊರಗೆ ಬಂದಿರಲಿಲ್ಲ, ಅಷ್ಟರಲ್ಲಿ ಪಡಸಾಲೆಯ ನಡುಗೋಡೆಗೆ ಆಚೆಯಿಂದ ಹಾರೆಯ ಪೆಟ್ಟು ಬಿತ್ತು. ಎಲ್ಲರೂ ಬೆಚ್ಚಿ ಎದ್ದರು. ಇನ್ನೊಂದು ಪೆಟ್ಟು, ಮತ್ತೊಂದು. ಮಣ್ಣು ಉದುರಿ, ಇಟ್ಟಿಗೆ ಬಿದ್ದು, ಒಬ್ಬರು ಬಗ್ಗಿ ನುಸುಳುವಷ್ಟು ಕಿಂಡಿಯಾಯಿತು. ಅದರೊಳಗಿಂದ ದೊಡ್ಡವ್ವ ಬಂದಳು. ತಲೆ ತುಂಬ ಧೂಳು, ಅಂಗೈಯಲ್ಲಿ ರಕ್ತ. "ಹೊಸ್ತಿಲ ತುಳಿದಿಲ್ಲಪ್ಪಾ ನಾನು" ಎಂದು ಯಾರೂ ಕೇಳದಿದ್ದರೂ ಹೇಳಿ, ಅವ್ವನ ಪಕ್ಕ ಕುಳಿತಳು.

ಅಷ್ಟು ವರ್ಷ ಗಂಟಲಲ್ಲಿದ್ದದ್ದು ಆಗ ತಾನಾಗಿಯೇ ಬಂತು. ಅವಳ ಮೊಣಕಾಲು ಹಿಡಿದು, "ದೊಡ್ಡವ್ವಾ, ಅವತ್ತು ಹಾಲಿಗೆ ನಿಂಬಿಹಣ್ಣು ಹಿಂಡಿದಾಕಿ ನಾನು" ಎಂದೆ.

"ಗೊತ್ತಿತ್ತಲೇ" ಎಂದಳು, ನನ್ನ ಕಡೆ ನೋಡದೆ. "ನಿಂಬಿ ವಾಸನಿ ತಿಳಿಯದಷ್ಟು ದಡ್ಡರೇನು ನಾವು? ನಿಮ್ಮಪ್ಪ ನಿನ್ನ ಹೊಡೀತಾನಂತ ಆಕಿ ತನ್ನ ಮ್ಯಾಲ ಹಾಕ್ಕೊಂಡ್ಳು. ಹಾಲಿಗಲ್ಲ ನಂಗ ಸಿಟ್ಟು ಬಂದಿದ್ದು."

ಆಮೇಲೆ ಅವ್ವನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. "ಲೇ ಗೌರಿ, ನಾನೇನು ಹೊರಗಿನಾಕಿ ಆಗಿದ್ನೇನ? ನನ್ನ ಕಿವ್ಯಾಗರ ಹೇಳಬಾರದಿತ್ತೇನ?" ಎಂದು ಕೇಳಿ, ಅವ್ವನ ಬಾಯಿಗೆ ಕಿವಿ ಹತ್ತಿರ ತಂದು, ಉತ್ತರಕ್ಕೆ ಕಾದಳು.